ಹೆಪಟೈಟಿಸ್ ಬಿ ಮಾತ್ರೆ ಕೆಲಸ ಮಾಡುತ್ತಿದೆಯಾ? ‘ಇಮ್ಯೂನಿಟಿ ಪ್ಯಾನೆಲ್’ ಹೇಳದ ಕತೆ

ಪ್ರಶ್ನೆ: ನಮ್ಮ ಯಜಮಾನರಿಗೆ 44 ವರ್ಷ. ಎರಡು ವರ್ಷದ ಹಿಂದೆ ರಕ್ತದಾನಕ್ಕೆ ಹೋದಾಗ ಹೆಪಟೈಟಿಸ್ ಬಿ ಇದೆ ಅಂತ ಗೊತ್ತಾಯಿತು. ಆಗ ವೈರಸ್ ಲೋಡ್ 4,20,000, ಎಸ್‌ಜಿಪಿಟಿ 112 ಇತ್ತು. ಇ-ಆಂಟಿಜನ್ (ವೈರಸ್ಸಿನ ಇನ್ನೊಂದು ಪ್ರೋಟೀನ್) ನೆಗೆಟಿವ್. ಅವತ್ತಿನಿಂದ ದಿನಕ್ಕೊಂದು ಟೆನೊಫೊವಿರ್ ಮಾತ್ರೆ ತಗೊಳ್ಳುತ್ತಿದ್ದಾರೆ. ಈಗ ಡಿಎನ್‌ಎ ‘ನಾಟ್ ಡಿಟೆಕ್ಟೆಡ್’, ಎಸ್‌ಜಿಪಿಟಿ 28, ಫೈಬ್ರೋಸ್ಕ್ಯಾನ್ 6.1. ಆದರೆ ಎಚ್‌ಬಿಎಸ್‌ಎಜಿ ಮಾತ್ರ ಇನ್ನೂ ಪಾಸಿಟಿವ್. ಮೊದಲು 4,600 ಇದ್ದದ್ದು ಈಗ 3,850. ಚಿಕಿತ್ಸೆಗೆ ದೇಹ ಹೇಗೆ ಸ್ಪಂದಿಸುತ್ತಿದೆ ಅಂತ ತಿಳಿಯುತ್ತದೆ ಎಂದು ಒಂದು ಲ್ಯಾಬಿನವರು ‘ಇಮ್ಯೂನಿಟಿ ಪ್ಯಾನೆಲ್’ ಮಾಡಿಸಿದರು. ಅದರಲ್ಲಿ ಸಿಡಿ4–ಸಿಡಿ8 ಅನುಪಾತ 0.9 ಅಂತ ಕೆಂಪು ಅಕ್ಷರದಲ್ಲಿ ಬಂದಿದೆ. ಇಂಟರ್‌ಲ್ಯೂಕಿನ್-6 ಸ್ವಲ್ಪ ಜಾಸ್ತಿ. ರೋಗನಿರೋಧಕ ಶಕ್ತಿ ಕುಸಿದಿದೆಯಾ? ಮಾತ್ರೆ ನಾಟುತ್ತಿಲ್ಲವಾ? ನಮ್ಮ ಅತ್ತೆ ಮಾತ್ರೆ ಬಿಟ್ಟು ನೆಲನೆಲ್ಲಿ ಕಷಾಯ ಕೊಡೋಣ ಅನ್ನುತ್ತಾರೆ. ನನ್ನ ಅಣ್ಣನಿಗೆ ಹೆಪಟೈಟಿಸ್ ಸಿ ಮೂರೇ ತಿಂಗಳಲ್ಲಿ ವಾಸಿಯಾಯಿತು, ಇವರಿಗೆ ಯಾಕೆ ಆಗುತ್ತಿಲ್ಲ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ಮಾತ್ರೆ ಕೆಲಸ ಮಾಡುತ್ತಿದೆ, ಚೆನ್ನಾಗಿಯೇ ಮಾಡುತ್ತಿದೆ. ಆ ಕೆಂಪು 0.9 ಅನ್ನು ಮರೆತುಬಿಡಿ. ಮಾತ್ರೆಯನ್ನು ಯಾವ ಕಾರಣಕ್ಕೂ ನೀವಾಗಿಯೇ ನಿಲ್ಲಿಸಬೇಡಿ. ಇನ್ನು ಯಾಕೆ ಅಂತ ನಿಧಾನವಾಗಿ ನೋಡೋಣ.

ಹೆಪಟೈಟಿಸ್ ಬಿ ವೈರಸ್ ಲಿವರ್ ಕೋಶವನ್ನು ತಾನಾಗಿ ಕೊಲ್ಲುವುದಿಲ್ಲ. ಇದನ್ನು ಹೇಳಿದರೆ ಎಷ್ಟೋ ಜನ ನಂಬುವುದೇ ಇಲ್ಲ. ವೈರಸ್ಸು ಬಾಡಿಗೆ ಮನೆಗೆ ಬಂದವನ ಹಾಗೆ ಕೋಶದೊಳಗೆ ಸುಮ್ನೆ ಕೂತಿರುತ್ತದೆ, ತನ್ನ ಕೆಲಸ ತಾನು ಮಾಡಿಕೊಳ್ಳುತ್ತಿರುತ್ತದೆ. ಕೋಶವನ್ನು ಒಡೆಯುವುದು ನಮ್ಮದೇ ಟಿ-ಕೋಶಗಳು, ಅಂದರೆ ರೋಗನಿರೋಧಕ ವ್ಯವಸ್ಥೆಯ ಕಾವಲುಗಾರರು. ಇಲ್ಲಿ ವೈರಸ್ ಇದೆ ಅಂತ ಗುರುತು ಹಿಡಿದು ಮನೆಯನ್ನೇ ಕೆಡವುತ್ತವೆ. ಕೆಡವಿದಾಗ ಒಳಗಿದ್ದ ಕಿಣ್ವ ಎಸ್‌ಜಿಪಿಟಿ ರಕ್ತಕ್ಕೆ ಸೋರುತ್ತದೆ. ಅಂದರೆ ಎಲ್ಲ ಊರಿನ ಲ್ಯಾಬಿನಲ್ಲೂ ಮಾಡುವ ಎಸ್‌ಜಿಪಿಟಿಯೇ ಒಂದು ಇಮ್ಯೂನಿಟಿ ಟೆಸ್ಟ್, ಅಲ್ವಾ?

ಇದಕ್ಕೆ ಸಾಕ್ಷಿ ಮಕ್ಕಳಲ್ಲಿದೆ. ಹೆರಿಗೆ ಹೊತ್ತಿನಲ್ಲಿ ತಾಯಿಯಿಂದ ಸೋಂಕು ತಗುಲಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 90 ಜನಕ್ಕೆ ಅದು ಜೀವನಪೂರ್ತಿ ಉಳಿದುಬಿಡುತ್ತದೆ. ಆ ಮಕ್ಕಳ ರಕ್ತದಲ್ಲಿ ವೈರಸ್ ಕೋಟಿಗಟ್ಟಲೆ ಇರಬಹುದು, ಎಸ್‌ಜಿಪಿಟಿ ಮಾತ್ರ ವರ್ಷಗಟ್ಟಲೆ ನಾರ್ಮಲ್. ಕಾವಲುಗಾರರು ವೈರಸ್ಸನ್ನು ಮನೆಯವರೇ ಅಂದುಕೊಂಡು ಬಿಟ್ಟಿರುತ್ತಾರೆ. ಅದೇ ವೈರಸ್ ಆರೋಗ್ಯವಂತ ದೊಡ್ಡವರಿಗೆ ತಗುಲಿದರೆ ಕಣ್ಣು ಹಳದಿಯಾಗಿ, ಸುಸ್ತಾಗಿ, ಆರು ತಿಂಗಳೊಳಗೆ ನೂರಕ್ಕೆ 95 ಜನಕ್ಕೆ ತಾನೇ ಹೋಗಿಬಿಡುತ್ತದೆ. ವೈರಸ್ ಒಂದೇ, ಎದುರು ನಿಂತವರು ಬೇರೆ.

ಈಗ ನಿಮ್ಮ ಯಜಮಾನರ ಎರಡು ರಿಪೋರ್ಟನ್ನು ಪಕ್ಕಪಕ್ಕ ಇಟ್ಟು ಓದಿ. ಅವತ್ತು ವೈರಸ್ 4,20,000, ಎಸ್‌ಜಿಪಿಟಿ 112. ಜಗಳ ನಡೀತಿತ್ತು. ಟೆನೊಫೊವಿರ್ ಬಂತು, ವೈರಸ್ ನಕಲು ನಿಂತಿತು, ಕೆಡವುವುದಕ್ಕೆ ಕಾರಣ ಕಡಿಮೆಯಾಯಿತು, ಎಸ್‌ಜಿಪಿಟಿ 28ಕ್ಕೆ ಇಳಿಯಿತು. ಲ್ಯಾಬುಗಳು 40, 45, ಕೆಲವು ಕಡೆ 50ರ ತನಕ ನಾರ್ಮಲ್ ಅಂತ ಪ್ರಿಂಟ್ ಮಾಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಗಂಡಸರಿಗೆ 30, ಹೆಂಗಸರಿಗೆ 19 ಅಂತ ಬಿಗಿ ಗೆರೆ ಎಳೆದಿದೆ. ಆ ಗೆರೆಯೊಳಗೂ ನಿಮ್ಮವರು ಬಂದಿದ್ದಾರೆ. ಫೈಬ್ರೋಸ್ಕ್ಯಾನ್ 6.1 ಅಂದರೆ ಲಿವರ್ ಗಟ್ಟಿಯಾಗಿಲ್ಲ. ಇದಕ್ಕಿಂತ ಒಳ್ಳೆಯ ಸ್ಪಂದನೆಯನ್ನು ಎರಡು ವರ್ಷದಲ್ಲಿ ನಾನು ನಿರೀಕ್ಷಿಸುವುದಿಲ್ಲ.

ಹಾಗಾದರೆ ಎಚ್‌ಬಿಎಸ್‌ಎಜಿ ಯಾಕೆ ಹೋಗಲಿಲ್ಲ? ಎಲ್ಲರೂ ಕೇಳುವ ಪ್ರಶ್ನೆ. ಜೆರಾಕ್ಸ್ ಅಂಗಡಿ ನೆನಪಿಸಿಕೊಳ್ಳಿ. ವೈರಸ್ಸಿನ ಮೂಲಪ್ರತಿ ಲಿವರ್ ಕೋಶದ ನ್ಯೂಕ್ಲಿಯಸ್ಸಿನಲ್ಲಿ, ಬೀರುವಿನಲ್ಲಿಟ್ಟ ಜಮೀನು ಪತ್ರದ ಹಾಗೆ, ಭದ್ರವಾಗಿ ಕೂತಿದೆ. ಟೆನೊಫೊವಿರ್ ಆಗಲಿ ಎಂಟೆಕಾವಿರ್ ಆಗಲಿ ಜೆರಾಕ್ಸ್ ಮಷಿನ್ನನ್ನು ಮಾತ್ರ ನಿಲ್ಲಿಸುತ್ತದೆ. ಬೀರುವಿನ ಬೀಗ ಮುಟ್ಟುವುದಿಲ್ಲ. ಮೂಲಪ್ರತಿ ನೋಡಿಕೊಂಡು ಕೋಶ ವೈರಸ್ಸಿನ ಹೊರಕವಚವನ್ನು ತಯಾರು ಮಾಡುತ್ತಲೇ ಇರುತ್ತದೆ. ಆ ಹೊರಕವಚವೇ ಎಚ್‌ಬಿಎಸ್‌ಎಜಿ. ಸಾಲದ್ದಕ್ಕೆ ವೈರಸ್ಸಿನ ಡಿಎನ್‌ಎ ತುಂಡುಗಳು ನಮ್ಮ ಸ್ವಂತ ಡಿಎನ್‌ಎಯೊಳಗೂ ಸೇರಿಕೊಂಡಿರುತ್ತವೆ, ಅವೂ ಕವಚ ಮಾಡುತ್ತವೆ. ಹಾಗಾಗಿ ರಕ್ತದಲ್ಲಿ ವೈರಸ್ ಒಂದೂ ಕಾಣದಿದ್ದರೂ ಎಚ್‌ಬಿಎಸ್‌ಎಜಿ ಪಾಸಿಟಿವ್ ಬರುತ್ತದೆ. ಇದು ಮಾತ್ರೆಯ ಸೋಲಲ್ಲ. ಮಾತ್ರೆಯ ಕೆಲಸ ಅಷ್ಟೇ.

ಈ ಕವಚದ ವಿಷಯದಲ್ಲಿ ವೈರಸ್ ಮಾಡುವ ಕಿಲಾಡಿತನ ನೋಡಿ. ಕಾಗದ ಇರುವ ಒಂದು ಲಕೋಟೆಗೆ ಸಾವಿರಾರು ಖಾಲಿ ಲಕೋಟೆ ಕಳಿಸುತ್ತದೆ. ವೈರಸ್ ಇಲ್ಲದ ಬರೀ ಕವಚಗಳು. ಪ್ರತಿಕಾಯಗಳು ಹೋಗಿ ಇವಕ್ಕೇ ಅಂಟಿಕೊಂಡು ವ್ಯರ್ಥವಾಗುತ್ತವೆ. ಹತ್ತಾರು ವರ್ಷ ಇದನ್ನೇ ನೋಡಿ ನೋಡಿ ಟಿ-ಕೋಶಗಳೂ ಸುಸ್ತಾಗುತ್ತವೆ. ಇದು ಬಾಯಿಮಾತಿನ ಸುಸ್ತಲ್ಲ. ಆ ಕೋಶಗಳ ಮೈಮೇಲೆ ಪಿಡಿ-1 ಎಂಬ ಬ್ರೇಕು ಎದ್ದು ಕಾಣುತ್ತದೆ, ಸಂಶೋಧನಾಲಯದಲ್ಲಿ ಅದನ್ನು ಅಳೆಯಬಹುದು.

ಹಾಗಾದರೆ ಲ್ಯಾಬಿನವರು ಅಳೆದದ್ದು ಅದನ್ನೇ ಅಲ್ಲವಾ ಅಂತ ನೀವು ಕೇಳಬಹುದು. ಅಲ್ಲ. ಅವರು ಎಣಿಸಿದ್ದು ರಕ್ತದಲ್ಲಿ ಓಡಾಡುವ ಎಲ್ಲ ಸಿಡಿ4, ಎಲ್ಲ ಸಿಡಿ8 ಕೋಶಗಳನ್ನು, ಅಂದರೆ ಎರಡು ಬಗೆಯ ಟಿ-ಕೋಶಗಳನ್ನು. ಅದರಲ್ಲಿ ಹೆಪಟೈಟಿಸ್ ಬಿ ವೈರಸ್ಸನ್ನು ಗುರುತಿಸಬಲ್ಲವು ಸಾವಿರದಲ್ಲಿ ಒಂದು ಸಿಕ್ಕರೆ ಹೆಚ್ಚು. ಉಳಿದವು ಹಳೆಯ ನೆಗಡಿ, ಸರ್ಪಸುತ್ತು, ಇನ್ನೇನೋ ನೋಡಿಕೊಳ್ಳುವವು. ಜಗಳ ನಡೆಯುತ್ತಿರುವುದು ಲಿವರ್ ಒಳಗೆ, ನಾವು ಎಣಿಸುತ್ತಿರುವುದು ರಸ್ತೆಯಲ್ಲಿ. ಜಾತ್ರೆಯಲ್ಲಿ ತೇರು ಹೊರಟಿತಾ ಅಂತ ತಿಳಿಯುವುದಕ್ಕೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ತಲೆ ಎಣಿಸಿದ ಹಾಗೆ.

0.9 ಯಾಕೆ ಬಂತು ಅಂದರೆ ಹತ್ತು ಕಾರಣ ಇರಬಹುದು. ಸಿಎಂವಿ ಅಂತ ಒಂದು ವೈರಸ್ ಇದೆ. ನಮ್ಮ ದೇಶದ ಬಹುಪಾಲು ದೊಡ್ಡವರ ಮೈಯಲ್ಲಿ ಅದು ತೆಪ್ಪಗೆ ಮಲಗಿರುತ್ತದೆ. ಅದೊಂದೇ ಸಿಡಿ8 ಸಂಖ್ಯೆಯನ್ನು ಏರಿಸಿ ಅನುಪಾತವನ್ನು ಇಳಿಸಬಲ್ಲದು. ಸಿಡಿ4 ಎಣಿಕೆ ಬೆಳಗ್ಗೆ ಒಂದಿರುತ್ತದೆ, ಸಂಜೆ ಏರುತ್ತದೆ. ಇಂಟರ್‌ಲ್ಯೂಕಿನ್-6 ಅಂದರೆ ಉರಿಯೂತದ ಗುರುತು, ಅದಂತೂ ಒಂದು ನೆಗಡಿಗೆ, ಒಸಡು ಊತಕ್ಕೆ, ಹೊಟ್ಟೆ ಬೊಜ್ಜಿಗೆಲ್ಲ ಏರುತ್ತದೆ. ಯಾವ ಲಿವರ್ ಮಾರ್ಗಸೂಚಿಯೂ ಈ ಅಂಕಿಗಳನ್ನು ನೋಡಿ ಮಾತ್ರೆ ಶುರು ಮಾಡಿ, ನಿಲ್ಲಿಸಿ, ಬದಲಿಸಿ ಅನ್ನುವುದಿಲ್ಲ. ಸಿಡಿ4ಗೆ ಬೆಲೆ ಇರುವುದು ಎಚ್‌ಐವಿಯಲ್ಲಿ, ಯಾಕೆಂದರೆ ಆ ವೈರಸ್ ಹೊಕ್ಕು ನಾಶ ಮಾಡುವುದೇ ಸಿಡಿ4 ಕೋಶವನ್ನು. ಆ ಟೆಸ್ಟನ್ನು ತಂದು ಇಲ್ಲಿ ಅಂಟಿಸಿದ್ದಾರೆ. ಅಂದ ಹಾಗೆ, ಟೆನೊಫೊವಿರ್ ಶುರು ಮಾಡುವ ಮೊದಲು ಎಚ್‌ಐವಿ ಟೆಸ್ಟ್ ಆಗಿದೆಯಾ ಅಂತ ಹಳೆ ಫೈಲಿನಲ್ಲಿ ನೋಡಿ. ಅನುಮಾನದಿಂದ ಕೇಳುತ್ತಿಲ್ಲ. ಟೆನೊಫೊವಿರ್ ಎರಡಕ್ಕೂ ಔಷಧಿ. ಎಚ್‌ಐವಿ ಇದ್ದೂ ಗೊತ್ತಿಲ್ಲದೆ ಇದೊಂದನ್ನೇ ಕೊಟ್ಟರೆ ಆ ವೈರಸ್ ಔಷಧಿಗೆ ಬಗ್ಗದ ಹಾಗಾಗುತ್ತದೆ. ಅದಕ್ಕೇ ಎಲ್ಲರಿಗೂ ಒಮ್ಮೆ ಮಾಡಿಸುತ್ತೇವೆ.

ರಕ್ತದ ಇಮ್ಯೂನ್ ಗುರುತುಗಳಿಗೆ ಬೆಲೆಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಒಂದು ಕಾಲಕ್ಕೆ ಅವು ನಮ್ಮ ಒಪಿಡಿಯಲ್ಲಿ ತುಂಬಾ ಓಡಿದ್ದವು. ಅದು ನಿಮ್ಮ ಅಣ್ಣನವರ ಕಾಯಿಲೆಯ ಕತೆ.

ಹೆಪಟೈಟಿಸ್ ಸಿಗೆ ಆಗ ಇದ್ದದ್ದು ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಇಂಟರ್‌ಫೆರಾನ್ ಇಂಜೆಕ್ಷನ್, ಜೊತೆಗೆ ರೈಬಾವಿರಿನ್ ಮಾತ್ರೆ. ವಾರಕ್ಕೊಂದು ಚುಚ್ಚು. ನಮ್ಮಲ್ಲಿ ಜಾಸ್ತಿ ಕಾಣುವ ಜೀನೋಟೈಪ್ (ವೈರಸ್ಸಿನ ಒಳಬಗೆ) 3ಕ್ಕೆ 24 ವಾರ, ಜೀನೋಟೈಪ್ 1ಕ್ಕೆ 48 ವಾರ. ಚುಚ್ಚಿಸಿಕೊಂಡ ರಾತ್ರಿ ಚಳಿಜ್ವರ, ಮೈಕೈ ನೋವು. ಕೂದಲು ಉದುರುವುದು, ಮನಸ್ಸು ಕುಗ್ಗುವುದು, ಹಿಮೋಗ್ಲೋಬಿನ್ ಇಳಿಯುವುದು. ಇಷ್ಟೆಲ್ಲ ಅನುಭವಿಸಿದರೂ ಜೀನೋಟೈಪ್ 1ರಲ್ಲಿ ವಾಸಿಯಾಗುತ್ತಿದ್ದದ್ದು ಅರ್ಧದಷ್ಟು ಜನಕ್ಕೆ. ಯಾರಿಗೆ ನಾಟುತ್ತದೆ, ಯಾರಿಗೆ ಇಲ್ಲ ಅಂತ ಮೊದಲೇ ಗೊತ್ತಾದರೆ ಸಾಕಪ್ಪಾ ಅನ್ನುವ ಹಾಗಿತ್ತು. 2009ರಲ್ಲಿ ಐಎಲ್28ಬಿ ಎಂಬ ಜೀನ್ ಪಕ್ಕದ ಒಂದು ಅಕ್ಷರದ ವ್ಯತ್ಯಾಸ ಸಿಕ್ಕಿತು. ಆ ಜಾಗದಲ್ಲಿ ‘ಸಿಸಿ’ ಅಕ್ಷರಜೋಡಿ ಇದ್ದವರಿಗೆ ವಾಸಿಯಾಗುವ ಸಾಧ್ಯತೆ ಉಳಿದವರ ಸುಮಾರು ಎರಡರಷ್ಟು.

ಇನ್ನೊಂದು ಗುರುತು ಐಪಿ-10. ಇಂಟರ್‌ಫೆರಾನ್ ಕೆಲಸ ಮಾಡಿದಾಗ ಕೋಶಗಳು ಹೊರಬಿಡುವ, ಟಿ-ಕೋಶಗಳನ್ನು ಕೂಗಿ ಕರೆಯುವ ಪ್ರೋಟೀನ್. ಇದು ಜಾಸ್ತಿ ಇದ್ದರೆ ಒಳ್ಳೆಯದು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ನಡೆದದ್ದು ಉಲ್ಟಾ. ಚಿಕಿತ್ಸೆಗೆ ಮೊದಲೇ ಐಪಿ-10 ಜಾಸ್ತಿ ಇದ್ದವರಲ್ಲಿ ಇಂಟರ್‌ಫೆರಾನ್ ನಾಟುತ್ತಿದ್ದದ್ದು ಕಡಿಮೆ. ಯಾಕೆ? ಅವರ ಲಿವರಿನಲ್ಲಿ ಅಪಾಯದ ಗಂಟೆ ಆಗಲೇ ಜೋರಾಗಿ ಬಾರಿಸುತ್ತಿದೆ. ವೈರಸ್ ಆ ಸದ್ದಿಗೆ ಒಗ್ಗಿಹೋಗಿದೆ. ನಾವು ಹೊರಗಿನಿಂದ ಇಂಜೆಕ್ಷನ್ ಕೊಟ್ಟು ಇನ್ನೊಂದು ಗಂಟೆ ಬಾರಿಸಿದರೆ ಹೊಸದೇನೂ ಆಗುವುದಿಲ್ಲ. ‘ಇಮ್ಯೂನಿಟಿ ಜಾಸ್ತಿ ಆದರೆ ಒಳ್ಳೇದು, ಕಮ್ಮಿ ಆದರೆ ಕೆಟ್ಟದ್ದು’ ಅನ್ನುವ ಲೆಕ್ಕ ಲಿವರಿನಲ್ಲಿ ನಡೆಯುವುದಿಲ್ಲ ಅಂತ ನಾನು ಕಲಿತದ್ದು ಇಲ್ಲಿಂದಲೇ.

ಆಮೇಲೆ ಏನಾಯಿತು? 2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್‌ಗೆ ಒಪ್ಪಿಗೆ ಸಿಕ್ಕಿತು. ಅಲ್ಲಿ ಒಂದು ಮಾತ್ರೆಗೆ ಸಾವಿರ ಡಾಲರ್. 2015ರ ಹೊತ್ತಿಗೆ ನಮ್ಮ ಕಂಪನಿಗಳ ಜೆನೆರಿಕ್ ಬಂದು ಬೆಲೆ ಕುಸಿಯಿತು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿಗೂ ಸಿಗೂ ಮಾತ್ರೆ ಉಚಿತ. ಈಗ ಸಿಗೆ 12 ವಾರ ಮಾತ್ರೆ ನುಂಗಿದರೆ ನೂರಕ್ಕೆ 95ಕ್ಕಿಂತ ಹೆಚ್ಚು ಜನ ವಾಸಿ. ಐಎಲ್28ಬಿ ಏನೇ ಇರಲಿ, ಐಪಿ-10 ಎಷ್ಟೇ ಇರಲಿ. ಅಷ್ಟು ಓದಿಕೊಂಡಿದ್ದ ಗುರುತುಗಳು ಎರಡು ಮೂರು ವರ್ಷದಲ್ಲಿ ಹಳೇ ಪಂಚಾಂಗವಾದವು. ಔಷಧಿಯೇ ನೇರವಾಗಿ ವೈರಸ್ಸನ್ನು ಮುಗಿಸಿದರೆ ಟಿ-ಕೋಶ ಏನು ಮಾಡುತ್ತಿದೆ ಅಂತ ಯಾರಿಗೆ ಬೇಕು?

ಅಣ್ಣನಿಗೆ ಮೂರು ತಿಂಗಳಲ್ಲಿ ಆದದ್ದು ಯಜಮಾನರಿಗೆ ಯಾಕಿಲ್ಲ ಅಂದರೆ, ಸಿ ವೈರಸ್ಸಿಗೆ ಬೀರು ಇಲ್ಲ. ಅದು ಆರ್‌ಎನ್‌ಎ ವೈರಸ್, ನ್ಯೂಕ್ಲಿಯಸ್ಸಿಗೆ ಹೋಗಿ ಮೂಲಪ್ರತಿ ಇಡುವುದಿಲ್ಲ. ಜೆರಾಕ್ಸ್ ನಿಲ್ಲಿಸಿದರೆ ಕತೆ ಮುಗಿಯಿತು. ಅಣ್ಣನಿಗೂ ಒಂದು ಮಾತು ಹೇಳಿಬಿಡಿ. ಅವರ ‘ಆಂಟಿ-ಎಚ್‌ಸಿವಿ’ ಟೆಸ್ಟ್ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಬರುತ್ತಲೇ ಇರುತ್ತದೆ. ಅದು ಹಳೆಯ ಗಾಯದ ಗುರುತು, ಅಷ್ಟೇ. ಕೆಲಸಕ್ಕೋ ವಿದೇಶಕ್ಕೋ ಹೋಗುವಾಗ ಮೆಡಿಕಲ್‌ನಲ್ಲಿ ಯಾರಾದರೂ ಹೆದರಿಸಿದರೆ, ಚಿಕಿತ್ಸೆ ಮುಗಿದ 12 ವಾರದ ಮೇಲೆ ಮಾಡಿಸಿದ ಆರ್‌ಎನ್‌ಎ ನೆಗೆಟಿವ್ ರಿಪೋರ್ಟ್ ತೋರಿಸಲಿ. ಹಾಗಂತ ಆ ಪ್ರತಿಕಾಯ ಕಾಪಾಡುತ್ತದೆ ಅಂದುಕೊಳ್ಳುವುದೂ ಬೇಡ. ಸಿ ಮತ್ತೆ ತಗುಲಬಹುದು.

ಬಿಗೆ ವಾಪಸ್ ಬರೋಣ. ಇಲ್ಲಿ ಇಮ್ಯೂನ್ ಕತೆ ಇನ್ನೂ ಮುಗಿದಿಲ್ಲ. ಬೀರುವನ್ನು ಕಾಯುವುದಕ್ಕಾಗಲಿ ಒಡೆಯುವುದಕ್ಕಾಗಲಿ ಕೊನೆಗೆ ನಮ್ಮ ಟಿ-ಕೋಶಗಳೇ ಬೇಕು. ಅವು ಗೆದ್ದವಾ ಅಂತ ಹೇಳುವ ಅಂಕಿ ನಿಮ್ಮ ಕೈಯಲ್ಲೇ ಇದೆ. ಎಚ್‌ಬಿಎಸ್‌ಎಜಿ ಪ್ರಮಾಣ, ಅದೇ 4,600, 3,850.

ಈ ಅಂಕಿಯನ್ನು ಕಳೆಯುವ ಲೆಕ್ಕದಲ್ಲಿ ಓದಬೇಡಿ, ಭಾಗಿಸುವ ಲೆಕ್ಕದಲ್ಲಿ ಓದಿ. 750 ಇಳಿಯಿತು ಅನ್ನುವುದಕ್ಕೆ ಅರ್ಥ ಕಡಿಮೆ. 4,600 ಇದ್ದದ್ದು 460 ಆದರೆ ಒಂದು ಮೆಟ್ಟಿಲು ಇಳಿದ ಹಾಗೆ, 46 ಆದರೆ ಎರಡು. ಬರೀ ಮಾತ್ರೆ ತಗೊಳ್ಳುವವರಲ್ಲಿ ಒಂದೊಂದು ಮೆಟ್ಟಿಲಿಗೂ ವರ್ಷಗಳು ಬೇಕು. ಎಚ್‌ಬಿಎಸ್‌ಎಜಿ ಪೂರ್ತಿ ಹೋಗುವವರು ವರ್ಷಕ್ಕೆ ನೂರಕ್ಕೆ ಒಬ್ಬರು ಸಿಕ್ಕರೆ ಹೆಚ್ಚು. ನಿಮ್ಮವರ ಅಂಕಿ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ. ಎರಡು ವರ್ಷಕ್ಕೆ ಇದು ಎಲ್ಲರಲ್ಲೂ ಕಾಣುವುದೇ.

ಇಂಟರ್‌ಫೆರಾನ್ ತಗೊಳ್ಳುವವರಲ್ಲಿ ಈ ಅಂಕಿಯೇ ದಾರಿ ತೋರಿಸುತ್ತದೆ. ಬಿಗೆ ಈಗಲೂ ಕೆಲವರಿಗೆ 48 ವಾರ ಇಂಟರ್‌ಫೆರಾನ್ ಕೊಡುವುದುಂಟು. ನಮ್ಮಲ್ಲಿ ಜಾಸ್ತಿ ಇರುವ ಜೀನೋಟೈಪ್ ಡಿ, ಇ-ಆಂಟಿಜನ್ ನೆಗೆಟಿವ್ ಇರುವವರಲ್ಲಿ 12ನೇ ವಾರಕ್ಕೆ ಎಚ್‌ಬಿಎಸ್‌ಎಜಿ ಸ್ವಲ್ಪವೂ ಇಳಿಯದೆ, ಡಿಎನ್‌ಎ ಕೂಡ ನೂರನೇ ಒಂದು ಭಾಗಕ್ಕೆ ಬರದಿದ್ದರೆ ಅಲ್ಲಿಗೇ ನಿಲ್ಲಿಸುತ್ತೇವೆ. ಇನ್ನು 36 ವಾರ ಸುಮ್ನೆ ನರಳುವುದು ಬೇಡ ಅಂತ.

ಎಸ್‌ಜಿಪಿಟಿಯನ್ನು ಓದುವುದಕ್ಕೂ ಈ ಅಂಕಿ ಬೇಕು. ಇಂಟರ್‌ಫೆರಾನ್ ಮೇಲಿದ್ದ ಒಬ್ಬ ಹುಡುಗನಿಗೆ ನಾಲ್ಕನೇ ತಿಂಗಳಲ್ಲಿ ಎಸ್‌ಜಿಪಿಟಿ 380ಕ್ಕೆ ಏರಿತು. ಅವನ ತಂದೆ ರಿಪೋರ್ಟನ್ನು ನನ್ನ ಟೇಬಲ್ ಮೇಲೆ ಕುಕ್ಕಿ, ‘ಏನ್ ಡಾಕ್ಟ್ರೇ, ಔಷಧಿ ಕೊಟ್ಟು ಜಾಸ್ತಿ ಮಾಡಿದ್ರಲ್ಲ’ ಅಂದರು. ಅದೇ ಹಾಳೆಯ ಕೆಳಗೆ ಎಚ್‌ಬಿಎಸ್‌ಎಜಿ 9,000ದಿಂದ 700ಕ್ಕೆ ಬಂದಿತ್ತು. ಬಿಲಿರುಬಿನ್ ನಾರ್ಮಲ್. ಅದು ಟಿ-ಕೋಶಗಳು ಎದ್ದು ಕೆಲಸಕ್ಕಿಳಿದ ಸದ್ದು. ವಾರ ವಾರ ನೋಡುತ್ತಾ ಕಾದೆವು, ವರ್ಷದೊಳಗೆ ಇ-ಆಂಟಿಜನ್ ಹೋಗಿ ಅದರ ಪ್ರತಿಕಾಯ ಬಂತು.

ಇನ್ನೊಬ್ಬರು ಅಡಿಕೆ ವ್ಯಾಪಾರಿ. ಡಿಎನ್‌ಎ ‘ನಾಟ್ ಡಿಟೆಕ್ಟೆಡ್’ ಬಂತಲ್ಲ, ಇನ್ಯಾಕೆ ಮಾತ್ರೆ ಅಂತ ಯಾರಿಗೂ ಹೇಳದೆ ಬಿಟ್ಟರು. ಐದು ತಿಂಗಳಾದ ಮೇಲೆ ಬಂದಾಗ ಕಣ್ಣು ಅರಿಶಿನ, ಎಸ್‌ಜಿಪಿಟಿ 1,400. ಇಲ್ಲಿ ಎಚ್‌ಬಿಎಸ್‌ಎಜಿ ಇಳಿದಿರಲಿಲ್ಲ, ಏರಿತ್ತು. ಡಿಎನ್‌ಎ ಕೋಟಿ ದಾಟಿತ್ತು. ಜೆರಾಕ್ಸ್ ಅಂಗಡಿ ಮತ್ತೆ ತೆರೆದು, ಸುಸ್ತಾದ ಕಾವಲುಗಾರರು ಗಾಬರಿಯಲ್ಲಿ ಊರೆಲ್ಲ ಕೆಡವಿದ ಕೇಸು ಅದು. ಮೂರು ವಾರ ಆಸ್ಪತ್ರೆಯಲ್ಲಿದ್ದು ಬದುಕಿಕೊಂಡರು. ಲಿವರ್ ಮೊದಲೇ ಗಟ್ಟಿಯಾಗಿ ಸಿರೋಸಿಸ್ ಆಗಿದ್ದರೆ ಉಳಿಯುತ್ತಿರಲಿಲ್ಲ. ಇಬ್ಬರದೂ ಎಸ್‌ಜಿಪಿಟಿ ಏರಿದ ಕತೆಯೇ. ಒಂದು ಗೆಲುವು, ಒಂದು ಅನಾಹುತ. ಸಿಡಿ4–ಸಿಡಿ8 ಇಬ್ಬರಲ್ಲೂ ಏನೂ ಹೇಳುತ್ತಿರಲಿಲ್ಲ.

ಮಾತ್ರೆ ಯಾವತ್ತಾದರೂ ನಿಲ್ಲಿಸಬಹುದಾ? ಎಚ್‌ಬಿಎಸ್‌ಎಜಿ ಪೂರ್ತಿ ನೆಗೆಟಿವ್ ಆಗಿ, ಆರು ತಿಂಗಳು ಬಿಟ್ಟು ಮಾಡಿದಾಗಲೂ ನೆಗೆಟಿವ್ ಇದ್ದರೆ ನಿಲ್ಲಿಸುವ ಮಾತಾಡಬಹುದು. ಸಿರೋಸಿಸ್ ಇಲ್ಲದೆ, ಮೂರು ವರ್ಷಕ್ಕೂ ಮೇಲೆ ಡಿಎನ್‌ಎ ಕಾಣದೆ, ಎಚ್‌ಬಿಎಸ್‌ಎಜಿ 100ಕ್ಕಿಂತ ಕೆಳಗೆ ಬಂದವರಲ್ಲಿ ಕೆಲವು ತಜ್ಞರು ಕಟ್ಟುನಿಟ್ಟಾಗಿ ತಿಂಗಳು ತಿಂಗಳು ಪರೀಕ್ಷೆ ಮಾಡುತ್ತಾ ನಿಲ್ಲಿಸಿ ನೋಡುತ್ತಾರೆ. 3,850ರಲ್ಲಿ ಆ ಮಾತೇ ಇಲ್ಲ. ಹಾಗಾಗಿ ಪ್ಯಾನೆಲ್ಲಿಗೆ ಸುರಿಯುವ ದುಡ್ಡನ್ನು ಉಳಿಸಿ. ಆರು ತಿಂಗಳಿಗೊಮ್ಮೆ ಎಸ್‌ಜಿಪಿಟಿ, ಕಿಡ್ನಿ ನೋಡುವ ಕ್ರಿಯಾಟಿನಿನ್, ಹೊಟ್ಟೆ ಸ್ಕ್ಯಾನಿಂಗ್; ವರ್ಷಕ್ಕೊಮ್ಮೆ ಡಿಎನ್‌ಎ, ಎಚ್‌ಬಿಎಸ್‌ಎಜಿ ಪ್ರಮಾಣ ಸಾಕು. ಸ್ಕ್ಯಾನಿಂಗ್ ತಪ್ಪಿಸಬೇಡಿ. 40 ದಾಟಿದ ಗಂಡಸರಲ್ಲಿ ಲಿವರ್ ಕ್ಯಾನ್ಸರನ್ನು ಚಿಕ್ಕದಿರುವಾಗಲೇ ಹಿಡಿಯುವುದಕ್ಕೆ ಅದು. ಮುಂದೆ ಯಾವ ಕಾಯಿಲೆಗಾದರೂ ಹೆಚ್ಚು ದಿನ ಸ್ಟಿರಾಯ್ಡ್, ಕಿಮೊ, ರಿಟುಕ್ಸಿಮ್ಯಾಬ್ ಇಂಜೆಕ್ಷನ್ ಬೇಕಾಯಿತು ಅಂದರೆ ಆ ಡಾಕ್ಟರಿಗೆ ಬಿ ಇರುವ ವಿಷಯ ಮೊದಲೇ ಹೇಳಿ. ಕಾವಲುಗಾರರನ್ನು ಮಲಗಿಸುವ ಔಷಧಿ ಅವು.

ಅತ್ತೆಯವರ ನೆಲನೆಲ್ಲಿ ಬಗ್ಗೆ. ನಾನು ನಗುವುದಿಲ್ಲ, ಯಾಕೆಂದರೆ ಬಿ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲೂಮ್‌ಬರ್ಗ್ ಕೂಡ ಅದನ್ನು ಗಂಭೀರವಾಗಿಯೇ ತಗೊಂಡಿದ್ದರು. ಮೇಲೆ ಹೇಳಿದ ಜುಲೈ 28 ಅವರದೇ ಹುಟ್ಟಿದ ದಿನ, ವಿಶ್ವ ಹೆಪಟೈಟಿಸ್ ದಿನವೂ ಅದೇ. 1988ರಲ್ಲಿ ಚೆನ್ನೈನ ತಜ್ಞರು ಅವರ ಜೊತೆ ಸೇರಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನೆಲನೆಲ್ಲಿ ಪುಡಿ 30 ದಿನ ತಗೊಂಡ 37 ಜನರಲ್ಲಿ 22 ಜನರ ಎಚ್‌ಬಿಎಸ್‌ಎಜಿ ಹೋಯಿತು, ಖಾಲಿ ಮಾತ್ರೆ ತಗೊಂಡ 23 ಜನರಲ್ಲಿ ಒಬ್ಬರದು ಮಾತ್ರ ಅಂತ. ಜಗತ್ತೇ ಕಿವಿ ನಿಮಿರಿಸಿತು. ಆದರೆ ಥಾಯ್ಲೆಂಡ್, ನ್ಯೂಜಿಲೆಂಡ್‌ಗಳಲ್ಲಿ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ನಮ್ಮ ಕಡೆ ನೆಲನೆಲ್ಲಿಗೆ ಹೆಸರು ಬಂದದ್ದು ಬಹುಮಟ್ಟಿಗೆ ಹೆಪಟೈಟಿಸ್ ಎ ಕಾಮಾಲೆಯಿಂದ. ಅದು ಔಷಧಿ ಕೊಟ್ಟರೂ ಹೋಗುತ್ತದೆ, ಕೊಡದಿದ್ದರೂ ಹೋಗುತ್ತದೆ. ಅತ್ತೆಯವರಿಗೆ ಬೇಜಾರು ಮಾಡಬೇಡಿ. ಮಾತ್ರೆ ಬಿಟ್ಟು ಕಷಾಯ ಬೇಡ ಅಂತ ಮಾತ್ರ ಗಟ್ಟಿಯಾಗಿ ಹೇಳಿ. ಹೆಸರಿಲ್ಲದ ಪೊಟ್ಟಣದ ಪುಡಿಗಳಂತೂ ಬೇಡವೇ ಬೇಡ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯ ನನ್ನನ್ನು ಕಾಡುತ್ತಿದೆ. ಯಜಮಾನರ ರೋಗನಿರೋಧಕ ಶಕ್ತಿಯನ್ನು ಇಷ್ಟು ಅಳೆಸಿದ್ದೀರಿ. ನಿಮ್ಮದು? ಈ ಮನೆಯಲ್ಲಿ ನಿಜವಾಗಿ ಇಮ್ಯೂನಿಟಿ ಟೆಸ್ಟ್ ಬೇಕಾಗಿರುವುದು ನಿಮಗೆ. ಎಚ್‌ಬಿಎಸ್‌ಎಜಿ, ಸೋಂಕು ಯಾವತ್ತಾದರೂ ತಗುಲಿತ್ತಾ ಅಂತ ಹೇಳುವ ಆಂಟಿ-ಎಚ್‌ಬಿಸಿ, ರಕ್ಷಣೆ ಇದೆಯಾ ಅಂತ ಹೇಳುವ ಆಂಟಿ-ಎಚ್‌ಬಿಎಸ್, ಈ ಮೂರು ಮಾಡಿಸಿ. ಮೂರೂ ನೆಗೆಟಿವ್ ಬಂದರೆ ಇವತ್ತು, ತಿಂಗಳು ಬಿಟ್ಟು, ಆರನೇ ತಿಂಗಳು ಅಂತ ಮೂರು ಲಸಿಕೆ. ರಕ್ತ ಕೊಟ್ಟ ಮೇಲೆಯೇ ಲಸಿಕೆ ಹಾಕಿಸಿಕೊಳ್ಳಿ, ಮೊದಲಲ್ಲ. ಲಸಿಕೆಯಲ್ಲಿ ಇರುವುದೂ ಅದೇ ಖಾಲಿ ಲಕೋಟೆ, ಹಾಕಿಸಿಕೊಂಡ ಕೆಲವು ದಿನ ಎಚ್‌ಬಿಎಸ್‌ಎಜಿ ಸುಳ್ಳು ಪಾಸಿಟಿವ್ ಬಂದು ಮನೆಮಂದಿಯನ್ನೆಲ್ಲ ಹೆದರಿಸಬಹುದು. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆಂಟಿ-ಎಚ್‌ಬಿಎಸ್ ಮತ್ತೆ ನೋಡಿಸಿ. 10ಕ್ಕಿಂತ ಮೇಲೆ ಬಂದರೆ ನಿಮಗೆ ರಕ್ಷಣೆ ಇದೆ. ಅಲ್ಲಿಯ ತನಕ ಕಾಂಡೋಮ್ ಬಳಸಿ, ಶೇವಿಂಗ್ ರೇಜರ್, ಟೂತ್‌ಬ್ರಷ್ ಬೇರೆ ಇರಲಿ. ತಟ್ಟೆ ಲೋಟ ಬೇರೆ ಇಡಬೇಡಿ, ಅದರಿಂದ ಬರುವುದಿಲ್ಲ, ಅವರ ಮನಸ್ಸು ನೋಯುತ್ತದೆ ಅಷ್ಟೇ. ಮಕ್ಕಳಿದ್ದರೆ ಅವರಿಗೂ ಒಮ್ಮೆ ರಕ್ತಪರೀಕ್ಷೆ ಮಾಡಿಸಿ, ತಾಯಿ ಕಾರ್ಡ್ ತೆಗೆದು ಹುಟ್ಟಿದ ದಿನದ ಹೆಪಟೈಟಿಸ್ ಬಿ ಡೋಸ್ ಬಿದ್ದಿದೆಯಾ ನೋಡಿ. ಯಜಮಾನರ ಅಣ್ಣತಮ್ಮಂದಿರು, ಅಕ್ಕತಂಗಿಯರು ಮತ್ತು ಅತ್ತೆಯವರೂ ಒಂದು ಸಲ ಎಚ್‌ಬಿಎಸ್‌ಎಜಿ ಮಾಡಿಸಲಿ.